ಹೊಳೆಯಾಚೆಗೊಂದು ಪ್ರತಿ

ನಾರಾಯಣಪೇಟೆ ರೋಡ್ ಎಂಬ ಹೆಸರಿನ ರೈಲ್ವೆ ಸ್ಟೇಷನ್ನು ನಾರಾಯಣಪೇಟೆಯಲ್ಲಿಲ್ಲ, ತೆಲಂಗಾಣದ ಗಡಿ ದಾಟಿ ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿದೆ. ಇದನ್ನು ಹೊಸಬರಿಗೆ ಹೇಳಿದರೆ ನಗುತ್ತಾರೆ. ನಮಗೆ ನಗು ಬರುವುದಿಲ್ಲ. ಈ ಸೀಮೆಯಲ್ಲಿ ಒಂದು ವಸ್ತು ಒಂದೇ ಕಡೆ ಇದ್ದರೆ ಅದೇ ಅನುಮಾನದ ಸಂಗತಿ. ಮಕ್ತಲ್ ಕಡೆಯ ಮನೆಗಳಲ್ಲಿ ಹೊಲ ಇತ್ತ, ಹೆಣ್ಣು ಕೊಟ್ಟದ್ದು ಅತ್ತ. ಲಗ್ನಪತ್ರಿಕೆಯ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತೆಲುಗು. ಅಜ್ಜನ ಕಾಲದ ಹೊಲದ ಕಾಗದ ಉರ್ದುವಿನಲ್ಲಿ, ಮೊಮ್ಮಗನ ಪಾಸ್‌ಬುಕ್ ತೆಲುಗಿನಲ್ಲಿ, ಎರಡೂ ಒಂದೇ ಟ್ರಂಕಿನಲ್ಲಿ. ಹೈದರಾಬಾದ್ ಸಂಸ್ಥಾನ ಹೋಯಿತು, ಆಂಧ್ರಪ್ರದೇಶ ಬಂತು, ತೆಲಂಗಾಣ ಬಂತು. 2019ರ ಫೆಬ್ರುವರಿಯಲ್ಲಿ ನಾರಾಯಣಪೇಟೆಯೇ ಜಿಲ್ಲೆಯಾಯಿತು. ಪ್ರತಿಸಲ ಆಫೀಸು ಬದಲಾದಾಗಲೂ ನಮ್ಮ ಹಿರಿಯರು ಹೊಸ ಕಾಗದ ಮಾಡಿಸಿದರೇ ಹೊರತು ಹಳೆಯದನ್ನು ಎಸೆಯಲಿಲ್ಲ. ಯಾವ ಸರಕಾರಕ್ಕೆ ಯಾವಾಗ ಯಾವ ಕಾಗದ ಬೇಕಾಗುತ್ತದೋ ಯಾರು ಕಂಡಿದ್ದಾರೆ.

ಇಂಥ ಜನ ಕಂಪ್ಯೂಟರಿನ ಮುಂದೆ ಕೂತೊಡನೆ ಹೇಗೆ ಏಕನಿಷ್ಠರಾಗಿಬಿಡುತ್ತಾರೋ ನನಗೆ ತಿಳಿಯದು. ಇಡೀ ಊರಿನ ಮದುವೆ ಫೋಟೊಗಳನ್ನು ಒಂದೇ ಡಿಸ್ಕಿನಲ್ಲಿ ತುಂಬಿ, ಆ ಡಿಸ್ಕನ್ನು ಒಂದೇ ಡಬ್ಬಿಯೊಳಗಿಟ್ಟು, ಡಬ್ಬಿಗೆ ಕುಂಕುಮ ಹಚ್ಚಿ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ನಾನು ಹೇಳಹೊರಟಿರುವ ಸ್ಟುಡಿಯೊದ ಹುಡುಗನೂ ಹಾಗೇ ಇದ್ದ. ಒಂದು ಕಾಲಕ್ಕೆ ನನ್ನ ಶಿಷ್ಯ. ಕನ್ನಡ ಮಾಧ್ಯಮದಲ್ಲಿ ಓದಿ, ತೆಲುಗಿನಲ್ಲಿ ವ್ಯಾಪಾರ ಕಲಿತು, ಹಿಂದಿ ಹಾಡು ಹಾಕಿಕೊಂಡು ಆಲ್ಬಮ್ ಡಿಸೈನ್ ಮಾಡುವವನು. ವೈಶಾಖದ ಲಗ್ನಸರಾಯಿ ಜೋರಾಗಿದ್ದಾಗ ಒಂದು ಬೆಳಿಗ್ಗೆ ಮನೆಗೇ ಬಂದ.

‘ಸರ, ಫೋಟೊ ಒಂದೂ ತೆರೀವಲ್ಲವು. ಎಲ್ಲದರ ಹೆಸರಿನ ಹಿಂದ ಎಂಥದೋ ನಾಕಕ್ಷರದ ಬಾಲ ಬಂದದ.’

‘ಮತ್ತೇನರ ಬಂದದೇನೋ ತಮ್ಮಾ?’

‘ಇಂಗ್ಲಿಷಿನ ಚೀಟಿ ಬಂದದ್ರಿ. ಒಂಬೈನೂರಾ ಎಂಬತ್ತು ಡಾಲರ್ ಕೊಡಂತ. ಮೂರ್ ದಿನದಾಗ ಕೊಟ್ಟರ ಅರ್ಧಕ್ಕರ್ಧ ಡಿಸ್ಕೌಂಟ್ ಅಂತ.’

ಡಿಸ್ಕೌಂಟಿನ ಮಾತು ಬಂದ ಕೂಡಲೇ ಇದು ಯಾರ ಕೈವಾಡವೆಂಬುದು ಅಂದಾಜಾಗುತ್ತದೆ. ಎಪ್ಪತ್ತೆರಡು ಗಂಟೆಯೊಳಗೆ ಕೊಟ್ಟರೆ 980 ಡಾಲರಿನ ಬದಲು 490 ಎನ್ನುವುದು ‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂಬ ರಾನ್ಸಮ್‌ವೇರ್ ಮನೆತನದ, ಅಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಪ್ರೋಗ್ರಾಮುಗಳ ಒಂದು ಕುಲದ, ಹಳೆಯ ರೂಢಿ. ದೊಡ್ಡ ಕಂಪನಿಗಳ ಬೆನ್ನು ಹತ್ತುವ ದರೋಡೆಕೋರರು ಬೇರೆ ಇದ್ದಾರೆ. ಇದು ಮನೆಯ ಕಂಪ್ಯೂಟರು, ಸಣ್ಣ ಅಂಗಡಿ, ವಿದ್ಯಾರ್ಥಿಯ ಲ್ಯಾಪ್‌ಟಾಪುಗಳನ್ನೇ ನಂಬಿ ಬದುಕುವ ಜಾತಿ. ಬರುವ ದಾರಿಯೂ ಬಹುತೇಕ ಒಂದೇ: ಪುಕ್ಕಟೆ ಸಿಗುವ ಕ್ರ್ಯಾಕ್ ಸಾಫ್ಟ್‌ವೇರು, ವಿಂಡೋಸನ್ನು ಕಾಸಿಲ್ಲದೆ ‘ಆಕ್ಟಿವೇಟ್’ ಮಾಡಿಕೊಡುವ ಪುಟ್ಟ ಪ್ರೋಗ್ರಾಮು. ಅಂಥವನ್ನು ಹಂಚುವವರು ಮೊದಲ ಸೂಚನೆಯಾಗಿ ‘ಆ್ಯಂಟಿವೈರಸ್ ಬಂದ್ ಮಾಡಿ’ ಎಂದು ಬರೆದಿರುತ್ತಾರೆ. ನಮ್ಮ ಹುಡುಗ ವಿಧೇಯ. ಶಾಲೆಯಲ್ಲಿ ನಾನು ಹೇಳಿದ್ದನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ್ದರೆ ತಹಶೀಲ್ದಾರನೇ ಆಗುತ್ತಿದ್ದ.

ಆಲ್ಬಮ್ ಡಿಸೈನಿನ ಹೊಸ ಪ್ಲಗ್‌ಇನ್ನೊಂದನ್ನು ಹಾಕಿಕೊಂಡನಂತೆ. ಆಮೇಲೆ ಪರದೆಯ ಮೇಲೆ ವಿಂಡೋಸ್ ಅಪ್‌ಡೇಟ್ ನಡೆಯುತ್ತಿದೆ, ಕಾಯಿರಿ ಎಂಬ ಕಿಟಕಿ ತೆರೆದುಕೊಂಡಿತಂತೆ. ‘ಅಪ್‌ಡೇಟ್ ನಡೆದದಲ್ಲ, ಮುಟ್ಟಬಾರದಂತ ಚಹಾ ಕುಡ್ಯಾಕ ಹೋದೆ ಸರ.’ ಆ ಕಿಟಕಿ ನಕಲಿ. ಹಿಂದುಗಡೆ ಬೀಗ ಹಾಕುವ ಕೆಲಸ ಮುಗಿಯುವವರೆಗೆ ಮಾಲೀಕನನ್ನು ದೂರ ಕೂರಿಸಲು ಅದನ್ನು ತೋರಿಸುತ್ತದೆ. ಇಷ್ಟು ಮನುಷ್ಯಸ್ವಭಾವ ಬಲ್ಲವರು ಬೇರೆ ಯಾವ ಧಂದೆ ಹಿಡಿದಿದ್ದರೂ ಉದ್ಧಾರವಾಗುತ್ತಿದ್ದರು.

ಒಳಗೆ ನಡೆಯುವ ಕಾರ್ಯ ಇಷ್ಟೇ. ಸಂತೆಯಲ್ಲಿ ಸಿಗುವ ಒತ್ತುಬೀಗವನ್ನು ಯಾರು ಬೇಕಾದರೂ ಒತ್ತಿ ಹಾಕಬಹುದು, ತೆಗೆಯಲು ಮಾತ್ರ ಕೀಲಿಕೈ ಬೇಕು. ರಾನ್ಸಮ್‌ವೇರ್ ತರುವುದು ಬರೀ ಬೀಗವನ್ನು, ಕೀಲಿಕೈ ಕಳ್ಳನ ಬಳಿಯೇ ಉಳಿದಿರುತ್ತದೆ. ಗಣಿತದ ಲೆಕ್ಕದಲ್ಲಿ ಆ ಬೀಗ ಒಡೆಯುವಂಥದಲ್ಲ. ಬ್ಯಾಂಕಿನ ವ್ಯವಹಾರವನ್ನು ಕಾಯುವ ವಿದ್ಯೆಯೇ ಇಲ್ಲಿ ಕಳ್ಳನ ಕೈಯಲ್ಲಿರುತ್ತದೆ. ಹಾಗಾಗಿ ‘ಹೈದರಾಬಾದಿನ ಕೋಠಿಯಲ್ಲಿ ಒಬ್ಬ ಇದ್ದಾನೆ, ಎಂಥದನ್ನಾದರೂ ಬಿಚ್ಚುತ್ತಾನೆ’ ಎಂಬ ಸುದ್ದಿಯನ್ನು ನಂಬಿ ಬಸ್ಸು ಹತ್ತುವುದು ವ್ಯರ್ಥ. ಬಿಚ್ಚುತ್ತೇನೆನ್ನುವವರಲ್ಲಿ ಕೆಲವರು ಕಳ್ಳನಿಗೇ ದುಡ್ಡು ಕಟ್ಟಿ ನಡುವೆ ತಮ್ಮ ಪಾಲು ಸೇರಿಸಿಕೊಳ್ಳುವ ದಲ್ಲಾಳಿಗಳು.

ಈ ಧಂದೆಯ ಮೂಲಪುರುಷ ಜೋಸೆಫ್ ಪಾಪ್ ಎಂಬ ಅಮೆರಿಕದ ಜೀವವಿಜ್ಞಾನಿ. 1989ರ ಡಿಸೆಂಬರಿನಲ್ಲಿ ಏಡ್ಸ್ ರೋಗದ ಮಾಹಿತಿ ಎಂದು ಹೇಳಿಕೊಂಡ ಫ್ಲಾಪಿಗಳನ್ನು ಸಾವಿರಾರು ಜನರಿಗೆ ಅಂಚೆಯಲ್ಲಿ ಕಳಿಸಿದ. ಕಂಪ್ಯೂಟರನ್ನು ಸುಮಾರು ತೊಂಬತ್ತು ಸಲ ಚಾಲೂ ಮಾಡಿದ ಮೇಲೆ ಫೈಲುಗಳ ಹೆಸರುಗಳೆಲ್ಲ ಕಲಸಿಹೋಗಿ, ಪನಾಮಾದ ಒಂದು ಪೋಸ್ಟ್‌ಬಾಕ್ಸಿಗೆ 189 ಡಾಲರ್ ಕಳಿಸಬೇಕೆಂಬ ಸೂಚನೆ ಬರುತ್ತಿತ್ತು. ಆ ಕಾಲಕ್ಕೆ ಮಕ್ತಲ್ ಪೋಸ್ಟಾಫೀಸಿಗೆ ಹೋಗಿ ‘ಪನಾಮಾಕ್ಕೊಂದು ಮನಿಆರ್ಡರ್ ಮಾಡ್ರಿ’ ಎಂದು ಕೇಳಿದ್ದರೆ ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದು ನೋಡುತ್ತಿದ್ದರು. ಪಾಪ್ ಸಿಕ್ಕಿಬಿದ್ದ, ಆದರೆ ಮನಸ್ಸು ಸ್ವಸ್ಥವಿಲ್ಲವೆಂದು ವಿಚಾರಣೆ ನಡೆಯಲೇ ಇಲ್ಲ. ದುಡ್ಡು ವಸೂಲಿ ಮಾಡುವ ದಾರಿ ಸರಿಯಿಲ್ಲದೆ ಈ ಧಂದೆ ಬಹಳ ವರ್ಷ ಕುಂಟುತ್ತಲೇ ಇತ್ತು. ಬಿಟ್‌ಕಾಯಿನ್ ಬಂದ ಮೇಲೆ, 2013ರ ‘ಕ್ರಿಪ್ಟೊಲಾಕರ್’ನಿಂದ ಈಚೆಗೆ, ಅದಕ್ಕೆ ಕಾಲು ಬಂದವು.

ಹುಡುಗನ ಜೊತೆ ಸ್ಟುಡಿಯೊಕ್ಕೆ ಹೋದಾಗ ಡಬ್ಬಿಗೆ ಇನ್ನೂ ಇಂಟರ್ನೆಟ್ಟಿನ ವೈರು ಚುಚ್ಚಿಕೊಂಡೇ ಇತ್ತು. ಪಕ್ಕದಲ್ಲಿ ಗಿರಾಕಿಯೊಬ್ಬರ ಪೆನ್‌ಡ್ರೈವ್ ಬೇರೆ. ಮೊದಲು ಅವೆರಡನ್ನೂ ಕೀಳಿಸಿದೆ. ಈ ರೋಗ ವೈರು ಹಿಡಿದು ಪಕ್ಕದ ಕಂಪ್ಯೂಟರಿಗೆ ಹೋಗಬಹುದು, ಚುಚ್ಚಿದ ಡಿಸ್ಕುಗಳನ್ನಂತೂ ಬಿಡುವುದಿಲ್ಲ. ಅಷ್ಟರಲ್ಲಿ ಅವನ ಗೆಳೆಯನೊಬ್ಬ ‘ಫಾರ್ಮ್ಯಾಟ್ ಹೊಡೆದುಬಿಡು’ ಎಂದ. ನಮ್ಮ ಕಡೆ ಕಂಪ್ಯೂಟರಿನ ಎಲ್ಲ ರೋಗಕ್ಕೂ ಇದೊಂದೇ ಔಷಧ. ತಡೆದೆ. ಬೀಗ ಬಿದ್ದ ಫೈಲುಗಳನ್ನೂ ಆ ಚೀಟಿಯನ್ನೂ ಇದ್ದ ಹಾಗೇ ಬೇರೊಂದು ಡಿಸ್ಕಿಗೆ ತುಂಬಿಡಬೇಕು. ಪರದೆಯ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು. 1930ಕ್ಕೆ ಫೋನು ಮಾಡಬೇಕು, ಇಲ್ಲವೇ ಸರಕಾರದ ಸೈಬರ್ ಅಪರಾಧ ಪೋರ್ಟಲ್ಲಿನಲ್ಲಿ ದೂರು ಬರೆಸಬೇಕು. ಆಮೇಲೆ ರೋಗವಿಲ್ಲದ ಬೇರೆ ಕಂಪ್ಯೂಟರಿನಿಂದ ‘ನೋ ಮೋರ್ ರಾನ್ಸಮ್’ ತಾಣಕ್ಕೆ ಹೋಗಿ ಒಂದೆರಡು ಫೈಲು ತೋರಿಸಬೇಕು. ಡಚ್ ಪೊಲೀಸರು, ಯೂರೋಪೋಲ್, ಕ್ಯಾಸ್ಪರ್‌ಸ್ಕೀ ಮತ್ತು ಮ್ಯಾಕ್ಅಫೀ ಸೇರಿ 2016ರಲ್ಲಿ ಆರಂಭಿಸಿದ ತಾಣ ಅದು. ಇದು ಯಾವ ಜಾತಿಯ ಬೀಗ, ಇದಕ್ಕೆ ಎಲ್ಲಾದರೂ ಕೀಲಿಕೈ ಸಿಕ್ಕಿದೆಯೇ ಎಂದು ಕಾಸಿಲ್ಲದೆ ಹೇಳುತ್ತದೆ. ಇವತ್ತು ಇಲ್ಲದ ಕೀಲಿ ನಾಳೆ ಪೊಲೀಸರ ಕೈಗೆ ಸಿಗಬಹುದು. ಫಾರ್ಮ್ಯಾಟ್ ಹೊಡೆದವನಿಗೆ ಆ ನಾಳೆ ಬಂದರೂ ಒಂದೇ, ಬಾರದಿದ್ದರೂ ಒಂದೇ.

ಡಿಜೆವಿಯು ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಅದು ಬೀಗ ಹಾಕುವ ಮುಂಚೆ ತನ್ನ ಒಡೆಯನ ಸರ್ವರನ್ನು ಕೇಳಿ ಆ ಕಂಪ್ಯೂಟರಿಗೆಂದೇ ಒಂದು ಹೊಸ ಬೀಗ ತರಿಸಿಕೊಳ್ಳುತ್ತದೆ. ಆ ಹೊತ್ತಿಗೆ ನೆಟ್ ಇಲ್ಲದಿದ್ದರೆ ತನ್ನ ಹೊಟ್ಟೆಯೊಳಗೇ ಇರುವ ಸಾಮಾನ್ಯ ಬೀಗವನ್ನು ಬಳಸುತ್ತದೆ. ಆ ಸಾಮಾನ್ಯ ಬೀಗ ಹಲವರಿಗೆ ಒಂದೇ ಆದ್ದರಿಂದ ಅದರ ಕೀಲಿಕೈ ಇಂದಲ್ಲ ನಾಳೆ ಬಯಲಾಗುವ ಸಂಭವ ಉಂಟು. ಎಮ್ಸಿಸಾಫ್ಟ್ ಕಂಪನಿ 2019ರ ಅಕ್ಟೋಬರಿನಲ್ಲಿ ಈ ಜಾತಿಗೆ ಬಿಚ್ಚುವ ಸಾಧನವನ್ನು ಬಿಟ್ಟಾಗ ಉಳಿದುಕೊಂಡವರಲ್ಲಿ ಇಂಥ ನೆಟ್ ಇಲ್ಲದ ಪುಣ್ಯವಂತರೂ ಇದ್ದರು. ಯಾವಾಗಲೂ ಹೋಗುತ್ತಲೇ ಇರುವ ನಮ್ಮ ಊರಿನ ನೆಟ್ಟು ಆ ದಿನ ಮಾತ್ರ ಗಟ್ಟಿಯಾಗಿ ನಿಂತಿತ್ತು. ಹುಡುಗ ಕಳ್ಳನಿಗಿಂತ ಹೆಚ್ಚಾಗಿ ಕೇಬಲ್ಲಿನವನನ್ನು ಬೈದ.

ಆದರೂ ಪೂರ್ತಿ ಮುಳುಗಲಿಲ್ಲ. ಅವಸರದ ಕಳ್ಳ ಪ್ರತಿ ಫೈಲಿನ ಮೊದಲ ಸುಮಾರು 150 ಕಿಲೊಬೈಟನ್ನಷ್ಟೇ ಕಲಸುತ್ತಾನೆ. ಸಾವಿರಾರು ಫೈಲು ಮುಗಿಸಬೇಕಲ್ಲ, ಪ್ರತಿಯೊಂದನ್ನೂ ಕೊನೆಯವರೆಗೆ ಕಲಸುತ್ತ ಕೂತರೆ ಅವನಿಗೆ ಗಿಟ್ಟುವುದಿಲ್ಲ. ಮದುವೆಯ ವಿಡಿಯೊ ಫೈಲಿನ ಗಾತ್ರದ ಮುಂದೆ 150 ಕಿಲೊಬೈಟ್ ಯಾವ ಲೆಕ್ಕ? ಅದೇ ಕ್ಯಾಮೆರಾದಲ್ಲಿ ತೆಗೆದ ಚೆನ್ನಾಗಿರುವ ಇನ್ನೊಂದು ವಿಡಿಯೊ ತೋರಿಸಿದರೆ, ಅದರ ಆಧಾರದ ಮೇಲೆ ತಲೆ ಹೋದ ವಿಡಿಯೊಕ್ಕೆ ತಲೆ ಕೂರಿಸುವ ಸಾಧನಗಳಿವೆ. ವಿಡಿಯೊಗಳು ಹೆಚ್ಚುಕಡಿಮೆ ಬಂದವು. ಫೋಟೊಗಳಲ್ಲಿ ದೊಡ್ಡವು ಕೆಲವು ಬಂದವು, ಮೇಲಿನ ಒಂದು ಪಟ್ಟಿ ಮಾತ್ರ ಇಲ್ಲ. ಆ ಪಟ್ಟಿಯಲ್ಲಿ ಬಹುಮಟ್ಟಿಗೆ ಶಾಮಿಯಾನದ ಝಾಲರಿ ಇರುತ್ತದೆ, ಅದು ಹೋದರೆ ಯಾರೂ ಅಳುವುದಿಲ್ಲ. ಕ್ಯಾಮೆರಾದ ಕಾರ್ಡುಗಳನ್ನು ಅವನು ಅಳಿಸಿ ಮತ್ತೆ ಬಳಸಿದ್ದರಿಂದ ಮೂಲ ಸಿಗಲಿಲ್ಲ. ವಾಟ್ಸಾಪಿನಲ್ಲಿ ಬೀಗರು ತರಿಸಿಕೊಂಡಿದ್ದ ಚಿಕ್ಕಚಿಕ್ಕ ಚಿತ್ರಗಳನ್ನು ಸೈದಾಪುರ, ಗುರುಮಠಕಲ್, ರಾಯಚೂರುಗಳಿಂದ ಮರಳಿ ಬೇಡಿ ತಂದು ಒಂದೆರಡು ಆಲ್ಬಮ್ ಕಟ್ಟಿದ.

ದುಡ್ಡು ಕೊಟ್ಟುಬಿಡಲೇ ಎಂದು ಅವನು ಕೇಳದೆ ಇರಲಿಲ್ಲ. ಲಗ್ನಸರಾಯಿಯಲ್ಲಿ ಹತ್ತು ಮನೆಯವರ ಬಾಯಿಗೆ ಬೀಳುವವನಿಗೆ 490 ಡಾಲರ್, ಅಂದರೆ ನಲವತ್ತು ಸಾವಿರ ಚಿಲ್ಲರೆ ರೂಪಾಯಿ, ದೊಡ್ಡದಲ್ಲ. ಪೊಲೀಸರಾಗಲಿ ಈ ವಿದ್ಯೆ ಬಲ್ಲವರಾಗಲಿ ಕೊಡಬೇಡಿ ಎಂದೇ ಹೇಳುತ್ತಾರೆ. ಕೊಟ್ಟವರಿಗೆಲ್ಲ ಕೀಲಿ ಬಂದಿಲ್ಲ, ಬಂದ ಕೀಲಿಗಳೆಲ್ಲ ಸರಿಯಾಗಿ ತೆರೆದಿಲ್ಲ. ನಾನು ಸೇರಿಸುವುದು ಇಷ್ಟು: ನಕಲಿ ಅಪ್‌ಡೇಟ್ ತೋರಿಸಿ ಚಹಾಕ್ಕೆ ಕಳಿಸಿದವನ ಮಾತಿನ ಮೇಲೆ ಸಾಲ ತರಬಾರದು. ಇನ್ನೂ ಒಂದು ವಿಷಯ ಅವನಿಗೆ ತಿಳಿದಿರಲಿಲ್ಲ. ಈ ಡಿಜೆವಿಯು ಒಂಟಿಯಾಗಿ ಬರುವುದು ಕಡಿಮೆ. ಬ್ರೌಸರಿನಲ್ಲಿ ನೆನಪಿಟ್ಟ ಪಾಸ್‌ವರ್ಡುಗಳನ್ನು ಕದಿಯುವ ಸಂಗಡಿಗರನ್ನೂ ಕರೆದುಕೊಂಡು ಬರುವುದುಂಟು. ಆದ್ದರಿಂದ ಬ್ಯಾಂಕು, ಮೇಲ್ ಎಲ್ಲದರ ಪಾಸ್‌ವರ್ಡನ್ನೂ ಬೇರೆ ಫೋನಿನಿಂದ ಬದಲಾಯಿಸಬೇಕಾಯಿತು. ಅವನಿಗೆ ಅದೇ ಎಲ್ಲಕ್ಕಿಂತ ದೊಡ್ಡ ಸಂಕಟ. ಎಲ್ಲದಕ್ಕೂ ಹೆಂಡತಿಯ ಹೆಸರನ್ನೇ ಇಟ್ಟಿದ್ದ, ಬದಲಾಯಿಸಲು ಅವಳಿಗೆ ಕಾರಣ ಹೇಳಬೇಕು.

ಸಣ್ಣವರಿಗಷ್ಟೇ ಹೀಗಾಗುತ್ತದೆಂದಲ್ಲ. ನಾರಾಯಣಪೇಟೆ, ಗದ್ವಾಲ್‌ಗಳಿಗೆ ಕರೆಂಟು ಕೊಡುವ ತೆಲಂಗಾಣದ ದಕ್ಷಿಣ ವಿದ್ಯುತ್ ವಿತರಣಾ ಕಂಪನಿಯ ವೆಬ್‌ಸೈಟೇ 2019ರ ಮೇ ತಿಂಗಳ ಆರಂಭದಲ್ಲಿ ‘ರಾಬಿನ್‌ಹುಡ್’ ಎಂಬ ರಾನ್ಸಮ್‌ವೇರಿಗೆ ಸಿಕ್ಕಿ ಮಲಗಿತು. ನೆರೆಯ ಆಂಧ್ರದ ಕಂಪನಿಗಳಿಗೂ ಅದೇ ಗತಿ. ದೀಪ ಉರಿಯಿತು, ಆನ್‌ಲೈನಿನಲ್ಲಿ ಬಿಲ್ಲು ಕಟ್ಟಲು ಮಾತ್ರ ಆಗಲಿಲ್ಲ. ಬಿಲ್ಲು ಕಟ್ಟದೆ ಇರಲು ಹೊಸ ಕಾರಣ ಹುಡುಕುತ್ತಿದ್ದವರಿಗೆ ಹಬ್ಬ. ಅವರ ಬಳಿ ಬೇರೆ ಪ್ರತಿ ಇದ್ದುದರಿಂದ ಎದ್ದು ಕೂತರು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆ ಬಿದ್ದಾಗ ಓಪಿಡಿ ಚೀಟಿಗಳನ್ನು ವಾರಗಟ್ಟಲೆ ಕೈಯಲ್ಲೇ ಬರೆದರು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಕಂಪನಿಗೆ ಬಡಿದಾಗ ದೇಶದ ಸುಮಾರು ಮುನ್ನೂರು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪೇಮೆಂಟುಗಳನ್ನು ಒಂದೆರಡು ದಿನ ಕಡಿದಿಟ್ಟಿದ್ದರು.

ಇವೆಲ್ಲಕ್ಕಿಂತ ನನಗೆ ಇಷ್ಟವಾದ ಕಥೆ ಘಾನಾ ದೇಶದ್ದು. 2017ರ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬುದು ಬಡಿಯಿತು. ನೋಡಲು ರಾನ್ಸಮ್‌ವೇರಿನ ಹಾಗಿದ್ದರೂ ಒಳಗೆ ಬರೀ ವಿನಾಶ. ಡೆನ್ಮಾರ್ಕಿನ ಹಡಗು ಕಂಪನಿ ಮಾರ್ಸ್ಕ್‌ನ ಕಂಪ್ಯೂಟರುಗಳು ಲೋಕದಾದ್ಯಂತ ಸತ್ತವು, ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲೂ ನಿಂತಿತು. ಇಡೀ ಜಾಲದ ಹಾಜರಿಪಟ್ಟಿಯಂಥ ದತ್ತಾಂಶ ಇಟ್ಟುಕೊಂಡಿದ್ದ ಸರ್ವರುಗಳು ಊರೂರಲ್ಲಿ ಇದ್ದವು, ಒಂದಕ್ಕೊಂದು ಪ್ರತಿ. ಆದರೆ ಎಲ್ಲವೂ ಸದಾ ಒಂದಕ್ಕೊಂದು ಜೋಡಿಸಿಕೊಂಡೇ ಇದ್ದುದರಿಂದ ಎಲ್ಲವೂ ಒಟ್ಟಿಗೇ ಅಳಿಸಿಹೋದವು, ಘಾನಾದ ಒಂದನ್ನು ಬಿಟ್ಟು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು! ಆ ಒಂದು ಪ್ರತಿಯನ್ನು ವಿಮಾನದಲ್ಲಿ ಕೈಯಲ್ಲಿ ಹಿಡಿದು ಒಯ್ದು ಕಂಪನಿಯನ್ನು ಮತ್ತೆ ಕಟ್ಟಿದರು. ಬೇಸಿಗೆಯಲ್ಲಿ ಕರೆಂಟು ಹೋದಾಗಲೆಲ್ಲ ನಾನು ಈ ಕಥೆ ಹೇಳುತ್ತೇನೆ, ಬೀಸಣಿಗೆ ಹಿಡಿದ ನನ್ನ ಹೆಂಡತಿ ಕೇಳಿಸಿಕೊಳ್ಳುವುದಿಲ್ಲ.

ಹಾಗೆಂದು ಕರೆಂಟು ಹೋಗುವುದೇ ಒಳ್ಳೆಯದು ಎಂದು ಸಿದ್ಧಾಂತ ಮಾಡುವ ಹಾಗೂ ಇಲ್ಲ. ಅದೇ ವರ್ಷ ಮೇ 12ರಂದು ಹಬ್ಬಿದ ‘ವಾನಾಕ್ರೈ’ ನೂರೈವತ್ತು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಹಿಡಿದಾಗ, ಹಳೆಯ ವಿಂಡೋಸ್‌ಗಳಲ್ಲಿ ಕೀಲಿಯ ಚೂರುಗಳು ಮೆಮೊರಿಯಲ್ಲೇ ಉಳಿದಿರುತ್ತವೆಂದು ಫ್ರಾನ್ಸಿನ ಸಂಶೋಧಕರು ಕಂಡುಹಿಡಿದರು. ಆದರೆ ಕಂಪ್ಯೂಟರನ್ನು ಅಲ್ಲಿಯವರೆಗೆ ಒಮ್ಮೆಯೂ ಬಂದ್ ಮಾಡಿರಬಾರದು. ಕರೆಂಟು ಹೋದವರ ಕೀಲಿ ಕರೆಂಟಿನೊಂದಿಗೇ ಹೋಯಿತು. ವಾನಾಕ್ರೈ ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ಎರಡು ತಿಂಗಳು ಮೊದಲೇ ಕೊಟ್ಟಿತ್ತೆಂಬುದೂ ನಿಜ. ಆಂಧ್ರದ ಪೊಲೀಸ್ ಠಾಣೆಗಳ ಕಂಪ್ಯೂಟರುಗಳೂ ಸಿಕ್ಕಿಬಿದ್ದವೆಂದ ಮೇಲೆ ನಮ್ಮ ಸ್ಟುಡಿಯೊದವನನ್ನು ಎಷ್ಟೆಂದು ಬೈಯಲಿ.

ಬೇರೆ ಪ್ರತಿ ಎತ್ತಿಡುವ ಬುದ್ಧಿಯನ್ನು ನಮ್ಮ ನೇಕಾರರಿಂದಲೂ ಕಲಿಯಬಹುದು. ಗದ್ವಾಲಿಗೆ ಹೋದಾಗ ಮಗ್ಗಗಳನ್ನು ನೋಡಿ ಬರುವುದು ನನ್ನ ಚಟ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು. ಎರಡನ್ನೂ ಹೊಲಿಗೆಯಿಲ್ಲದೆ ನೂಲಿಗೆ ನೂಲು ಕೂಡಿಸುತ್ತಾರೆ, ‘ಕುಟ್ಟು’ ಎನ್ನುತ್ತಾರೆ. ಮಗ್ಗದ ನೆತ್ತಿಯ ಮೇಲೆ ಜಕಾರ್ಡ್, ಅದಕ್ಕೆ ಸರಪಣಿಯಾಗಿ ಪೋಣಿಸಿ ಇಳಿಬಿಟ್ಟ ತೂತು ಹೊಡೆದ ರಟ್ಟಿನ ಕಾರ್ಡುಗಳು. ಹಂಸ, ಮಾವಿನಕಾಯಿ, ಗೋಪುರದ ಸಾಲು ಎಲ್ಲ ಆ ತೂತುಗಳಲ್ಲಿದೆ. ಲಿಯಾನಿನ ಜಕಾರ್ಡ್ 1804ರ ಸುಮಾರಿಗೆ ಮಾಡಿದ ಈ ಏರ್ಪಾಡಿನ ಜಾಡನ್ನೇ ಹಿಡಿದು ಹಾಲರಿತ್ 1890ರ ಅಮೆರಿಕದ ಜನಗಣತಿಯನ್ನು ಕಾರ್ಡುಗಳಲ್ಲಿ ಎಣಿಸಿದ, ಕಂಪ್ಯೂಟರುಗಳು ಬಹುಕಾಲ ಕಾರ್ಡು ತಿಂದೇ ಬೆಳೆದವು. ಅಂದಮೇಲೆ ಗದ್ವಾಲಿನ ಮಗ್ಗದ ಮೇಲೆ ತೂಗುವುದು ಕಂಪ್ಯೂಟರಿನ ಅಜ್ಜನ ನೆನಪೇ. ಅದಕ್ಕೆ ಯಾವ ಕಳ್ಳನೂ ಬೀಗ ಹಾಕಲಾರ. ಇಲಿ ತಿನ್ನಬಹುದು, ಮಳೆಗೆ ನೆನೆಯಬಹುದು. ಅದಕ್ಕೇ ಗ್ರಾಫ್ ಹಾಳೆಯ ಮೇಲೆ ಬರೆದ ಮೂಲವನ್ನು ಬೇರೆ ಎತ್ತಿಡುತ್ತಾರೆ. ಈಗ ನೇಕಾರಿಕೆಯ ಊರುಗಳಿಗೆ ಎಲೆಕ್ಟ್ರಾನಿಕ್ ಜಕಾರ್ಡ್ ಬರತೊಡಗಿದೆ, ಹಂಸ ಪೆನ್‌ಡ್ರೈವಿನಲ್ಲಿ ಬರುತ್ತದೆ. ಅದನ್ನು ತಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಏನೆಂದು ಓದುಗರು ಊಹಿಸಿರಬಹುದು.

ಪೀಟರ್ ಕ್ರೋಗ್ ಎಂಬ ಫೋಟೊಗ್ರಾಫರ್ ಜನಪ್ರಿಯಗೊಳಿಸಿದ ಲೆಕ್ಕವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ಫೋಟೊದವನಿಗೆ ಫೋಟೊದವನ ಮಾತು ಬೇಗ ಹತ್ತುತ್ತದೆಂದು ಹುಡುಗನಿಗೆ ಅದನ್ನೇ ಹೇಳಿದೆ. ಜೊತೆಗೆ ಘಾನಾದ ಉಪಕಥೆ: ಪ್ರತಿ ತೆಗೆದ ಮೇಲೆ ಡಿಸ್ಕನ್ನು ಕಿತ್ತಿಡಬೇಕು, ಚುಚ್ಚಿಟ್ಟದ್ದು ಪ್ರತಿಯೇ ಅಲ್ಲ. ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ನೆರಳುಪ್ರತಿಗಳನ್ನು ರಾನ್ಸಮ್‌ವೇರು ಮೊದಲೇ ಅಳಿಸಿಬಿಡುತ್ತದೆ, ಅದನ್ನು ನೆಚ್ಚುವ ಹಾಗಿಲ್ಲ. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳಲ್ಲಿ ಹಳೆಯ ಆವೃತ್ತಿ ಕೆಲಕಾಲ ಉಳಿಯುತ್ತದೆ, ಪರವಾಗಿಲ್ಲ, ಆದರೆ ಒಂದು ಮದುವೆಯ ಫೋಟೊ ಏರಿಸುವಷ್ಟರಲ್ಲಿ ಆ ದಂಪತಿಗೆ ಕೂಸು ಹುಟ್ಟಿರುತ್ತದೆ.

ಉಳಿದ ಪಥ್ಯ ಹೇಳಿದ್ದು ಕಡಿಮೆ. ಕ್ರ್ಯಾಕ್ ಬೇಡ, ಕಾಸಿಲ್ಲದ ಜಿಂಪ್, ಇಂಕ್‌ಸ್ಕೇಪ್‌ಗಳಿವೆ, ಕಲಿತುಕೋ. ಅಪ್‌ಡೇಟ್ ತಡೆಯಬೇಡ, ಅದು ಸೆಟಿಂಗ್ಸಿನೊಳಗಿನಿಂದ ಬಂದದ್ದಾಗಿರಲಿ. ವಿಂಡೋಸ್ ಸೆಕ್ಯೂರಿಟಿಯಲ್ಲಿ ಫೋಟೊ ಫೋಲ್ಡರುಗಳನ್ನು ಅಪರಿಚಿತ ಪ್ರೋಗ್ರಾಮು ಮುಟ್ಟದಂತೆ ಕಾಯುವ ಒಂದು ಸ್ವಿಚ್ಚಿದೆ, ಹಾಕಿಕೋ. ಫೈಲಿನ ಪೂರ್ತಿ ಹೆಸರು ಕಾಣುವಂತೆ ಮಾಡಿಕೋ. ಲಗ್ನಪತ್ರಿಕೆ ಡಾಟ್ ಪಿಡಿಎಫ್ ಎಂಬುದರ ಹಿಂದೆ ಇನ್ನೊಂದು ಡಾಟ್ ಇಎಕ್ಸ್‌ಇ ಅಡಗಿದ್ದರೆ ಅದು ಯಾರ ಲಗ್ನವೂ ಅಲ್ಲ. ವಾಟ್ಸಾಪಿನಲ್ಲಿ ಮದುವೆ ಕಾರ್ಡಿನ ವೇಷದಲ್ಲಿ ಎಪಿಕೆ ಕಳಿಸುವ ಕಳ್ಳರೂ ಈಗ ಬಂದಿದ್ದಾರೆ, ಅವರು ಬೀಗ ಹಾಕುವ ಗೋಜಿಗೆ ಹೋಗದೆ ನೇರ ಬ್ಯಾಂಕಿಗೇ ಕೈ ಹಾಕುತ್ತಾರೆ. ವಿಂಡೋಸ್ 10ರ ಸಾಮಾನ್ಯ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತಿವೆ ಎಂದಾಗ ಮಾತ್ರ ಅವನ ಮುಖ ಸಪ್ಪಗಾಯಿತು. ‘ಈ ಲಗ್ನಸರಾಯಿ ಮುಗೀಲ್ರಿ ಸರ’ ಎಂದ. ಆ ಮಾತಿಗೆ ಕೊನೆಯ ದಿನಾಂಕ ಇರುವುದಿಲ್ಲ.

ಎರಡು ಹಾರ್ಡ್‌ಡಿಸ್ಕು ತಂದ. ಒಂದು ಸ್ಟುಡಿಯೊದ ಬೀರುವಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿ, ಆಗಾಗ ಅದಲುಬದಲು. ಬೇರೆ ಊರು ಯಾವುದೆಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಹೆಂಡತಿಯ ತವರು ರಾಯಚೂರು. 2023ರ ಅಕ್ಟೋಬರಿನಲ್ಲಿ ಜಕ್ಲೇರ್‌ನಿಂದ ಕೃಷ್ಣಾ ಸ್ಟೇಷನ್ನಿನವರೆಗಿನ ಹೊಸ ಹಳಿ ಉದ್ಘಾಟನೆಯಾದ ಮೇಲೆ ನಮ್ಮ ಕಡೆಯಿಂದ ರೈಲು ಹತ್ತಿದರೆ ಹೊಳೆ ದಾಟಿ ನೇರ ರಾಯಚೂರು. ಡಿಸ್ಕು ಈಗ ಅತ್ತೆಯ ಮನೆಯ ಟ್ರೆಜರಿಯಲ್ಲಿ ಸೀರೆಗಳ ನಡುವೆ ಇರುತ್ತದೆ. ಒಯ್ದು ತರುವ ಜವಾಬ್ದಾರಿಯನ್ನು ಹೆಂಡತಿಯೇ ವಹಿಸಿಕೊಂಡಿದ್ದಾಳೆ. ಮೊದಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದಳು. ಆಮೇಲೆ ವೈರಸ್ಸಿನ ಭಯ ಅವಳಿಗೂ ಹತ್ತಿತು. ಹೋದ ವಾರ ಅವನ ತಾಯಿ ಗುಡಿಯ ಕಟ್ಟೆಯ ಮೇಲೆ ಸಿಕ್ಕು ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

‘ಮಾಸ್ತರ, ಆ ಬ್ಯಾಕಪ್ಪೋ ಏನೋ ಹಚ್ಚಿಕೊಟ್ಟವರು ನೀವೇ ಅಂತಲ್ಲ. ವಾರಕ್ಕೊಮ್ಮೆ ತಗೀಬೇಕಂತ ಅದನ್ನ? ಹೋದರ ಮೂರ್ ದಿನ ಬರಂಗಿಲ್ಲ!’